ತೋಟದ ಮನೆಯಲ್ಲಿ ಕಾರು ಚಾರ್ಜಿಂಗ್: ಮೊದಲು ಅರ್ಥಿಂಗ್, ಆಮೇಲೆ ಚಾರ್ಜರ್

ಹೈಬ್ರಿಡ್ ಕಾರಿಗೆ ಮನೆಯಲ್ಲೇ ಪ್ಲಗ್ ಕೂರಿಸಿ ಕರೆಂಟಿನಲ್ಲಿ ಓಡಿಸಬಹುದೇ ಎಂದು ಕೇಳುವವರು ಗೋಣಿಕೊಪ್ಪದಿಂದ ಸೋಮವಾರಪೇಟೆಯವರೆಗೂ ಇದ್ದಾರೆ. ಆ ಸಾಹಸ ಬೇಡ. ನಮ್ಮ ರಸ್ತೆಗಳಲ್ಲಿ ಕಾಣುವ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆ ಮೋಟರೂ ಇರುವ, ಪ್ಲಗ್ ಇಲ್ಲದ) ಕಾರುಗಳ ಬ್ಯಾಟರಿಗೆ ಎರಡು ಯೂನಿಟ್ ಕರೆಂಟೂ ಹಿಡಿಯುವುದಿಲ್ಲ. ಪೂರ್ತಿ ತುಂಬಿಸಿದರೂ ಕೆಲವೇ ಕಿಲೊಮೀಟರಿಗೆ ಖಾಲಿ. ದೊಡ್ಡ ಬ್ಯಾಟರಿ ಸೇರಿಸಲು ಹೊರಟರೆ 200 ವೋಲ್ಟ್ ಆಸುಪಾಸಿನ ಡಿಸಿ ಕರೆಂಟಿಗೆ ಕೈ ಹಾಕಬೇಕಾಗುತ್ತದೆ. ಅನುಮೋದನೆ ಪಡೆದ ಕಿಟ್ ಇಲ್ಲದೆ ಇಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ವಾರಂಟಿ ಮತ್ತು ವಿಮೆಗೂ ಕುತ್ತು. ಮುಂದಿನ ಕಾರು ಪೂರ್ತಿ ಎಲೆಕ್ಟ್ರಿಕ್ ಆಗಿರಲಿ, ಹೊರಗಿನಿಂದ ಚಾರ್ಜ್ ಮಾಡಬಹುದಾದ ಪ್ಲಗ್‌ಇನ್ ಹೈಬ್ರಿಡ್ ಆಗಿರಲಿ, ಅದು ಬರುವ ಮೊದಲೇ ಶೆಡ್‌ನಲ್ಲಿ ಒಂದು ಒಳ್ಳೆಯ ಚಾರ್ಜಿಂಗ್ ಪಾಯಿಂಟ್ ಮಾಡಿಸಿಟ್ಟುಕೊಳ್ಳುವುದು ಬುದ್ಧಿವಂತಿಕೆ. ಕೊಡಗಿನ ತೋಟದ ಮನೆಗಳಲ್ಲಿ ಈ ಕೆಲಸಕ್ಕೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇಲ್ಲದ ತೊಡಕುಗಳಿವೆ: ಲೈನ್ ಉದ್ದ, ವೋಲ್ಟೇಜ್ ಕಡಿಮೆ, ಮಳೆ ಜಾಸ್ತಿ.

ಎಷ್ಟು ಕಿಲೊವ್ಯಾಟ್ ಬೇಕು?

ವಿರಾಜಪೇಟೆಯಿಂದ ಮಡಿಕೇರಿಗೆ ಹೋಗಿ ಬಂದರೆ ಅರವತ್ತು ಚಿಲ್ಲರೆ ಕಿಲೊಮೀಟರ್. ಏರು ತಗ್ಗು ಲೆಕ್ಕ ಹಿಡಿದರೂ ಸಣ್ಣ ಎಲೆಕ್ಟ್ರಿಕ್ ಕಾರಿಗೆ ಸುಮಾರು 10 ಯೂನಿಟ್ ಸಾಕು. ಚಾರ್ಜಿಂಗ್‌ನಲ್ಲಿ ಸೋರಿಹೋಗುವುದನ್ನೂ ಸೇರಿಸಿ 11 ಎನ್ನೋಣ. 3.3 ಕಿಲೊವ್ಯಾಟ್ ಪಾಯಿಂಟ್ ಇದನ್ನು ಮೂರೂವರೆ ಗಂಟೆಯಲ್ಲಿ ತುಂಬಿಸುತ್ತದೆ. ರಾತ್ರಿ ಊಟಕ್ಕೆ ಮೊದಲು ಚುಚ್ಚಿಟ್ಟರೆ ಬೆಳಗ್ಗೆಗೆ ಧಾರಾಳವಾಯಿತು. 7.2 ಕಿಲೊವ್ಯಾಟ್ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ಬೇಕಾಗುವುದು ದಿನಕ್ಕೆ ಇನ್ನೂರು ಕಿಲೊಮೀಟರ್ ಓಡುವವರಿಗೆ ಅಥವಾ ಹೋಂಸ್ಟೇ ನಡೆಸುವವರಿಗೆ. ಉಳಿದವರಿಗೆ ಅದು ಬರೀ ದೊಡ್ಡಸ್ತಿಕೆ.

ಗೃಹಜ್ಯೋತಿ ಪಡೆಯುತ್ತಿರುವ ಮನೆಯವರು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ನಿಮ್ಮ ತಲೆಗೆ ಬರುತ್ತದೆ. ದಿನಾ 11 ಯೂನಿಟ್ ಎಂದರೆ ಕಾರೊಂದೇ 330 ನುಂಗುತ್ತದೆ. ಕಾರಿಗೆಂದೇ ಪ್ರತ್ಯೇಕ ಸಂಪರ್ಕ ಕೇಳಲು 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಅವಕಾಶವಿದೆ. ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂನ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಹಾಕುವ ಮೊದಲು ಎರಡೂ ದಾರಿಯ ಖರ್ಚನ್ನು ಬರೆದು ನೋಡಿ. ಇದೇ ಮೀಟರಿನಲ್ಲಿ ಮುಂದುವರಿಯುವುದಾದರೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ.

ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಂಡರಾಯಿತು ಎಂಬ ಯೋಚನೆ ಹಲವರಿಗೆ ಬರುತ್ತದೆ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆ 2003ರ 126ನೇ ಸೆಕ್ಷನ್‌ನಡಿ ಎರಡು ಪಟ್ಟು ದರ ಹಾಕುತ್ತಾರೆ.

ಲೈನಿಗೆ ತಾಕತ್ತಿದೆಯೇ ನೋಡಿ

ಇದಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು 3 ಕಿಲೊವ್ಯಾಟ್ ಇನ್‌ಸ್ಟಂಟ್ ಗೀಸರ್. ಸಂಜೆ ಏಳರ ಹೊತ್ತಿಗೆ, ಅಂದರೆ ಊರಿಗೆಲ್ಲ ಕರೆಂಟು ಬೇಕಾದಾಗ, ವೈರ್‌ಮನ್ ಕೈಯಲ್ಲಿ ಮೀಟರ್ ಬೋರ್ಡಿನ ಬಳಿ ವೋಲ್ಟೇಜ್ ಅಳೆಸಿ. ಗೀಸರ್ ಹಾಕಿ ಮತ್ತೆ ಅಳೆಯಿರಿ. 226 ಇದ್ದದ್ದು 212ಕ್ಕೆ ಇಳಿಯಿತು ಎಂದುಕೊಳ್ಳಿ. ಗೀಸರ್ ಎಳೆಯುವುದು ಸುಮಾರು 13 ಆಂಪಿಯರ್. ಅಷ್ಟಕ್ಕೇ 14 ವೋಲ್ಟ್ ಬಿದ್ದರೆ 32 ಆಂಪಿಯರ್ ಎಳೆಯುವ ವಾಲ್‌ಬಾಕ್ಸಿಗೆ 34 ವೋಲ್ಟ್ ಬೀಳುತ್ತದೆ, ಕೈಗೆ ಸಿಗುವುದು 192. ದೀಪ ಮಂಕಾಗುತ್ತದೆ, ಫ್ರಿಜ್ ಒದ್ದಾಡುತ್ತದೆ, ಚಾರ್ಜರ್ ಆಗಾಗ ನಿಂತು ಶುರುವಾಗುತ್ತಿರುತ್ತದೆ. ಕುಸಿತ ಐದಾರು ವೋಲ್ಟಿನೊಳಗೆ ಇದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಮೊದಲು ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ವೈರ್ ಮತ್ತು ಅದರ ಜಾಯಿಂಟನ್ನು ಲೈನ್‌ಮನ್‌ಗೆ ತೋರಿಸಿ. ಸಿಲ್ವರ್ ಓಕ್ ಕೊಂಬೆ ಬಿದ್ದು ತುಂಡಾಗಿ, ಮಳೆಯಲ್ಲಿ ಅವಸರಕ್ಕೆ ತಿರುಚಿ ಕಟ್ಟಿದ ಜಾಯಿಂಟು ಅಲ್ಲೇ ಎಲ್ಲೋ ಇರುತ್ತದೆ. ಅದು ಸರಿಯಾಗಿದ್ದೂ ವೋಲ್ಟೇಜ್ ಬೀಳುತ್ತಿದ್ದರೆ ಟಿಸಿ (ಟ್ರಾನ್ಸ್‌ಫಾರ್ಮರ್) ದೂರವಿದೆ ಎಂದರ್ಥ. ಆಗ 3.3 ಕಿಲೊವ್ಯಾಟಿಗೇ ನಿಲ್ಲಿ, ಚಾರ್ಜಿಂಗನ್ನು ರಾತ್ರಿ ಹನ್ನೊಂದರ ನಂತರಕ್ಕೆ ಟೈಮರ್ ಇಡಿ.

ಕೇಬಲ್

ಮನೆಯಿಂದ ಕಾರ್ ಶೆಡ್ 60 ಮೀಟರ್ ದೂರವಿದ್ದರೆ 2.5 ಚದರ ಮಿ.ಮೀ. ತಾಮ್ರದ ವೈರ್‌ನಲ್ಲಿ, 3.3 ಕಿಲೊವ್ಯಾಟ್ ಪಾಯಿಂಟ್ ಎಳೆಯುವ 14.5 ಆಂಪಿಯರ್‌ಗೆ ಸುಮಾರು 13 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 6 ಚದರ ಮಿ.ಮೀ. ಹಾಕಿದರೆ ಐದೂವರೆ ವೋಲ್ಟ್ ಮಾತ್ರ. 7.2 ಕಿಲೊವ್ಯಾಟಿಗೆ ಇದೇ ದೂರಕ್ಕೆ 10 ಚದರ ಮಿ.ಮೀ. ಬೇಕು. ಮೂರು ಕೋರ್‌ನ ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ತೆಗೆದುಕೊಂಡು 75 ಸೆಂ.ಮೀ. ಆಳದ ಕಾಲುವೆಯಲ್ಲಿ ಮರಳು ಹಾಸಿ ಮಲಗಿಸಿ, ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಒಂದಡಿ ಆಳ ಸಾಕೆಂದು ಬಿಟ್ಟರೆ ಕಾಡುಹಂದಿ ಉತ್ತುಹಾಕುತ್ತದೆ, ಇಲ್ಲವೇ ಕಾಳುಮೆಣಸಿಗೆ ಗುಂಡಿ ತೋಡುವವರ ಹಾರೆಗೆ ಸಿಗುತ್ತದೆ. ಕೇಬಲ್ ಹೋದ ದಾರಿಗೆ ಕಲ್ಲು ನೆಟ್ಟು ಗುರುತು ಮಾಡಿ.

ಅರ್ಥಿಂಗ್: ಇಲ್ಲಿ ಜಿಪುಣತನ ಬೇಡ

ಮನೆಗೆ ಹತ್ತಿಪ್ಪತ್ತು ವರ್ಷದ ಹಿಂದೆ ಹಾಕಿದ ಅರ್ಥಿಂಗ್ ಪೈಪು (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಪೈಪು) ಈಗ ತುಕ್ಕು ಹಿಡಿದು ಹೆಸರಿಗಷ್ಟೇ ಇರುವುದು ಹೆಚ್ಚು. ಬಲ್ಬು ಫ್ಯಾನಿಗೆ ಅದು ಗೊತ್ತಾಗುವುದಿಲ್ಲ. ಕಾರಿನ ಚಾರ್ಜರ್ ಅರ್ಥ್ ಪರೀಕ್ಷಿಸಿಯೇ ಶುರುವಾಗುವುದರಿಂದ ಕೆಂಪು ದೀಪ ಹಾಕಿ ಕೂರುತ್ತದೆ.

ಶೆಡ್ ಪಕ್ಕದಲ್ಲೇ ಹೊಸ ಅರ್ಥಿಂಗ್ ಮಾಡಿ. 3 ಮೀಟರ್ ಉದ್ದದ, ತಾಮ್ರ ಲೇಪಿತ 17.2 ಮಿ.ಮೀ. ರಾಡ್, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯ ಮಿಶ್ರಣ. ಉಪ್ಪು ಇದ್ದಿಲಿನ ಹಳೆಯ ಪದ್ಧತಿ ನಮ್ಮ ಮಳೆಗೆ ಒಗ್ಗುವುದಿಲ್ಲ. ಎರಡು ಮಳೆಗಾಲಕ್ಕೆ ಉಪ್ಪು ತೊಳೆದುಹೋಗುತ್ತದೆ, ಇರುವಷ್ಟು ದಿನ ಕಬ್ಬಿಣದ ಪೈಪನ್ನು ತಿನ್ನುತ್ತದೆ. ಅರ್ಥ್ ಟೆಸ್ಟರ್‌ನಲ್ಲಿ 5 ಓಮ್‌ನ ಒಳಗೆ ಬಂದರೆ ಬಹಳ ಒಳ್ಳೆಯದು. ಬಾರದಿದ್ದರೆ ಆರು ಮೀಟರ್ ದೂರದಲ್ಲಿ ಎರಡನೇ ರಾಡ್ ಹೊಡೆದು ಎರಡನ್ನೂ ಜೋಡಿಸಿ. ಕೇಬಲ್‌ನ ಮೂರನೇ ಕೋರ್ ಮೂಲಕ ಮನೆಯ ಅರ್ಥಿಂಗಿಗೂ ಇದನ್ನು ಸೇರಿಸಬೇಕು. ಜುಲೈಯಲ್ಲಿ ಅಳೆದು ಖುಷಿಪಡಬೇಡಿ, ಆಗ ನೆಲವೆಲ್ಲ ನೀರು. ನಿಜವಾದ ಲೆಕ್ಕ ಸಿಗುವುದು ಕಾಫಿ ಹೂಬಿಡಿಸುವ ಹೂಮಳೆಗೆ ಮೊದಲು, ಮಾರ್ಚ್ ತಿಂಗಳ ಒಣ ಮಣ್ಣಿನಲ್ಲಿ.

ಚಾರ್ಜರ್ ಶುರುವಾಗುತ್ತಿಲ್ಲ ಎಂದಾಗ ಕೆಲವು ವೈರ್‌ಮನ್‌ಗಳು ಸಾಕೆಟಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿ ಜೋಡಿಸಿಬಿಡುತ್ತಾರೆ. ಹಸಿರು ದೀಪ ಬರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಮರ ಬಿದ್ದು ನ್ಯೂಟ್ರಲ್ ಕಡಿದ ಕ್ಷಣ ಕಾರಿನ ಇಡೀ ಲೋಹದ ಮೈಗೆ 230 ವೋಲ್ಟ್ ಬರಬಹುದು. ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವರ ಜೀವ ಉಳಿಯುವುದು ಕಷ್ಟ. ಹೊಸ ಸಾಕೆಟ್ ಮುಚ್ಚುವ ಮೊದಲು ಒಳಗಡೆ ಒಮ್ಮೆ ನೀವೇ ಇಣುಕಿ ನೋಡಿ.

ಡಿಬಿಯೊಳಗೆ (ಸ್ವಿಚ್‌ಗಳ ಡಬ್ಬಿಯೊಳಗೆ) ಏನೇನಿರಬೇಕು

ಚಾರ್ಜಿಂಗಿಗೆ ಪ್ರತ್ಯೇಕ ಸರ್ಕ್ಯೂಟ್ ಇರಲಿ: 3.3 ಕಿಲೊವ್ಯಾಟಿಗೆ 20 ಆಂಪಿಯರ್, 7.2ಕ್ಕೆ 40 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್), ಎರಡೂ ಸಿ ಕರ್ವ್ ಎಂಬ ಬಗೆಯವು. ಜೊತೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್) ಕಡ್ಡಾಯ. ಎಂಸಿಬಿ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ: ಅರ್ಥಿಂಗ್ 20 ಓಮ್ ಇದ್ದಾಗ ಕರೆಂಟು ಕಾರಿನ ಲೋಹದ ಮೈಗೆ ಸೋರಿದರೆ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 20 ಆಂಪಿಯರ್ ಎಂಸಿಬಿ ಅಲುಗಾಡುವುದೂ ಇಲ್ಲ.

ಆರ್‌ಸಿಸಿಬಿ ಕೊಳ್ಳುವಾಗ ಟೈಪ್ ಎ ಎಂದು ಕೇಳಿ ಪಡೆಯಿರಿ. ಅಂಗಡಿಯಲ್ಲಿ ಕೈಗೆ ಸಿಗುವ ಅಗ್ಗದ ಟೈಪ್ ಎಸಿ ಕಾರಿನ ಕಡೆಯಿಂದ ಡಿಸಿ ಸೋರಿದಾಗ ಕುರುಡಾಗಿಬಿಡುತ್ತದೆ. ಚಾರ್ಜರ್‌ನೊಳಗೆ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಪತ್ತೆ ವ್ಯವಸ್ಥೆ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಇಲ್ಲದಿದ್ದರೆ ದುಬಾರಿಯಾದರೂ ಟೈಪ್ ಬಿ ಬೇಕು.

ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಕಂಬದ ಮೇಲಿನ ತಂತಿಯಿಂದ ಕರೆಂಟು ಬರುವ ಮನೆಗೆ ಟೈಪ್ 1 ಮತ್ತು 2 ಸೇರಿರುವುದೇ ಆಗಬೇಕು, ಅದರ ವೈರ್‌ಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ಇಷ್ಟಿದ್ದರೂ ಗುಡುಗು ಹತ್ತಿರ ಬಂದಾಗ ಪ್ಲಗ್ ಕಿತ್ತಿಡುವುದು ಕ್ಷೇಮ.

ಸಾಕೆಟ್ ಮತ್ತು ಮಳೆ

ಮನೆಯೊಳಗೆ ಹಾಕುವ ಮಾಮೂಲಿ 16 ಆಂಪಿಯರ್ ಮೂರು ಪಿನ್ ಸಾಕೆಟ್ ಗಂಟೆಗಟ್ಟಲೆ 14.5 ಆಂಪಿಯರ್ ಹೊರಲು ಮಾಡಿದ್ದಲ್ಲ. ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಪಿನ್ ಕಾದು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ, ನಿಮ್ಮ ಚಾರ್ಜರಿಗೆ ಆ ಪ್ಲಗ್ ಸಿಗದಿದ್ದರೆ ಒಳ್ಳೆಯ ಕಂಪನಿಯ ಮೂರು ಪಿನ್ ಹಾಕಿ ಚಾರ್ಜರನ್ನು 10 ಆಂಪಿಯರ್‌ಗೆ ಇಳಿಸಿ. ಮೊದಲ ಸಲ ಒಂದು ಗಂಟೆ ಓಡಿಸಿ ಪ್ಲಗ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ನಿಲ್ಲಿಸಿ. ಒಂದು ತಿಂಗಳ ನಂತರ ಮೇನ್ ಆಫ್ ಮಾಡಿಸಿ ಎಲ್ಲ ಸ್ಕ್ರೂಗಳನ್ನೂ ಮತ್ತೆ ಬಿಗಿಸಬೇಕು. ಕಾದು ತಣಿದು ಅವು ಸಡಿಲಗೊಂಡಿರುತ್ತವೆ.

ಸಾಕೆಟ್ ಡಬ್ಬಿ ಐಪಿ65 (ದೂಳು, ನೀರು ಒಳಹೋಗದ) ದರ್ಜೆಯದಿರಲಿ, ನೆಲದಿಂದ 1.2 ಮೀಟರ್ ಎತ್ತರ, ಕೇಬಲ್ ಕೆಳಗಿನಿಂದಲೇ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಬಿರಡೆ) ಮೂಲಕ ಒಳಗೆ ಹೋಗಬೇಕು. ಮೇಲಿನಿಂದ ಇಳಿದ ಕೇಬಲ್ ಮಳೆನೀರನ್ನು ನೇರ ಟರ್ಮಿನಲ್‌ಗೆ ತಂದು ಸುರಿಯುತ್ತದೆ. ಬಿಟ್ಟ ತೂತುಗಳನ್ನೆಲ್ಲ ಮುಚ್ಚಿ. ಇರುವೆ ಗೂಡು ಕಟ್ಟಿದ ಡಬ್ಬಿಯಲ್ಲಿ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತಿರುತ್ತದೆ.

ಕರೆಂಟು ಹೋದಾಗ

ಮನೆಯ ಇನ್ವರ್ಟರ್ ಲೈನಿಗೆ ಚಾರ್ಜಿಂಗ್ ಸರ್ಕ್ಯೂಟ್ ಸೇರಕೂಡದು. ಜನರೇಟರ್‌ನಿಂದ ಮಾಡುವುದಾದರೆ ಕನಿಷ್ಠ 5 ಕೆವಿಎ ಬೇಕು. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ ನೆಲಕ್ಕೆ ಜೋಡಣೆಯಾಗಿರುವುದಿಲ್ಲ, ಚಾರ್ಜರ್ ಅರ್ಥ್ ಇಲ್ಲವೆಂದು ಹಟ ಹಿಡಿಯುತ್ತದೆ. ಆಗ ಜನರೇಟರಿನ ಬಳಿಯೇ, ಅಲ್ಲಿ ಮಾತ್ರ, ನ್ಯೂಟ್ರಲನ್ನು ಅರ್ಥಿಂಗಿಗೆ ಸೇರಿಸಬೇಕು. ಲೈನಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಲಿ, ಇಲ್ಲದಿದ್ದರೆ ಜನರೇಟರ್ ಕರೆಂಟು ಲೈನಿಗೆ ಹೋಗಿ ಕಂಬ ಹತ್ತಿದ ಲೈನ್‌ಮನ್‌ಗೆ ಅಪಾಯ. ಈ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು.

ಮಡಿಕೇರಿಯಂಥ ಎತ್ತರದಲ್ಲಿ ಮನೆಯಿದ್ದು ಬೆಳಗ್ಗೆ ಎದ್ದು ಸಂಪಾಜೆ ಘಾಟಿಯಲ್ಲೋ ಕುಶಾಲನಗರದ ಕಡೆಗೋ ಇಳಿಯುವವರು ಚಾರ್ಜ್ ಮಿತಿಯನ್ನು ಶೇ 85ಕ್ಕೆ ಇಡಿ. ತುಂಬಿದ ಬ್ಯಾಟರಿಗೆ ಇಳಿಜಾರಿನಲ್ಲಿ ಹುಟ್ಟುವ ಕರೆಂಟು ಹಿಡಿಯುವುದಿಲ್ಲ. ಮೋಟರಿನ ತಡೆ ಸಿಗದೆ ಇಡೀ ಭಾರ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ.