ಹುರಿದ ಅಕ್ಕಿತರಿಯ ಗಂಜಿ: ಕೀಮೋ ನಡೆಯುವ ಮನೆಯ ಅಡುಗೆಮನೆಗೆ

ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕೀಮೋ ಔಷಧ ಹಾಕಿಸಿಕೊಂಡು ಹಾಸನಕ್ಕೆ ಹಿಂದಿರುಗಿದ ಹೆಂಡತಿಯ ಮುಂದೆ ಹಬೆಯಾಡುವ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಸಾರು, ಪಲ್ಯ ಎಲ್ಲವನ್ನೂ ದೊಡ್ಡ ತಟ್ಟೆಯಲ್ಲಿ ಬಡಿಸಿಟ್ಟು, "ಇಷ್ಟಾದರೂ ತಿನ್ನು, ಶಕ್ತಿ ಬೇಡವೇ" ಎಂದು ಎದುರಿಗೆ ಕುಳಿತು ಕಾಯುವ ಗಂಡಂದಿರನ್ನು ಕಂಡರೆ ನನಗೆ ಮರುಕಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಗಂಡನಿಗೆ ಚಿಕಿತ್ಸೆ ನಡೆಯುವ ಮನೆಗಳಲ್ಲಿ ಹೆಂಡತಿಯರು ಮಾಡುವುದೂ ಇದನ್ನೇ, ಜೊತೆಗೆ ಒಂದಿಷ್ಟು ಕಣ್ಣೀರು. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ತುಂಬಿದ ತಟ್ಟೆ ಕಂಡೊಡನೆ ರೋಗಿಯ ಹೊಟ್ಟೆ ತೊಳಸುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಅಷ್ಟೇ.

ಮೊದಲು ವಾಸನೆಯನ್ನು ಹಿಡಿತಕ್ಕೆ ತನ್ನಿ. ಕಾಫಿ ಸೀಮೆಯ ನಮ್ಮ ಮನೆಗಳಲ್ಲಿ ಬೆಳಗಾಗುವುದೇ ಡಿಕಾಕ್ಷನ್ನಿನ ಪರಿಮಳದಿಂದ, ಆದರೆ ಕೀಮೋ ಕೊಟ್ಟ ವಾರದಲ್ಲಿ ಅದೇ ಪರಿಮಳಕ್ಕೆ ಓಕರಿಕೆ ಬರುವುದುಂಟು. ನಮ್ಮ ಯಜಮಾನರು, ಹುಟ್ಟಿದಂದಿನಿಂದ ಕಾಫಿ ಕುಡಿದವರು, ಆ ದಿನಗಳಲ್ಲಿ ಫಿಲ್ಟರನ್ನು ಹಿತ್ತಲಿನಲ್ಲಿಡಿಸಿದ್ದರು. ಒಗ್ಗರಣೆ, ಹುರಿಯುವುದು, ಬೆಳ್ಳುಳ್ಳಿ, ಒಣಮೀನು ಎಲ್ಲವೂ ರೋಗಿ ಮಲಗಿರುವಾಗ, ಅಡುಗೆಮನೆಯ ಬಾಗಿಲು ಮುಚ್ಚಿ, ಹಿಂದಿನ ಕಿಟಕಿ ತೆರೆದು ಮುಗಿಯಬೇಕು. ಊಟವನ್ನು ಬಿಸಿಬಿಸಿಯಾಗಿ ಕೊಡಬೇಡಿ, ಬಿಸಿ ಇದ್ದಷ್ಟೂ ವಾಸನೆ ಏಳುತ್ತದೆ. ಸಿಸ್ಪ್ಲಾಟಿನ್‌ನಂತಹ ಔಷಧಗಳಿಂದ ಬಾಯಲ್ಲಿ ಲೋಹದ ರುಚಿ ಉಳಿದುಬಿಡುವುದುಂಟು. ಅಂಥವರಿಗೆ ಸ್ಟೀಲಿನ ತಟ್ಟೆ ಚಮಚ ಬೇಡ, ಪಿಂಗಾಣಿ ಬಟ್ಟಲು ಮತ್ತು ಮರದ ಚಮಚ ಇರಲಿ.

ಇನ್ನು ಗಂಜಿ. ಉಳಿದ ಅನ್ನಕ್ಕೆ ನೀರು ಸುರಿದು ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದ ಅಂಟಂಟು ಮುದ್ದೆಯನ್ನು ಗಂಜಿ ಎಂದು ಕರೆಯುವವರ ಜೊತೆ ನಾನು ವಾದಿಸುವುದಿಲ್ಲ. ಸಕಲೇಶಪುರದ ಕಡೆಯವರಾದ ನಮ್ಮ ಅತ್ತೆಯವರು, ಮುಂಗಾರಿನಲ್ಲಿ ಹೊರಗೆ ಕಾಲಿಡಲಾಗದಂತೆ ಮಳೆ ಹಿಡಿದಾಗ, ಏನೂ ದಕ್ಕದ ನಮ್ಮ ಮಾವನವರಿಗೆ ಹುರಿದ ಅಕ್ಕಿತರಿಯ ಗಂಜಿ ಮಾಡುತ್ತಿದ್ದರು; ನಮ್ಮ ಯಜಮಾನರ ಚಿಕಿತ್ಸೆಯ ಕಾಲದಲ್ಲಿ ಬೇರೆಲ್ಲ ವಾಂತಿಯಾದಾಗಲೂ ಹೊಟ್ಟೆಯಲ್ಲಿ ಉಳಿದದ್ದು ಅದೊಂದೇ. ಅಕ್ಕಿ ಹಳೆಯದಿರಬೇಕು, ಹೊಸ ಅಕ್ಕಿಯ ಗಂಜಿ ಲೋಳೆಯಾಗುತ್ತದೆ. ಹೊಳೆನರಸೀಪುರದ ಕಡೆಯ ರಾಜಮುಡಿ ರುಚಿಯಲ್ಲಿ ಎತ್ತಿದ ಕೈ, ಆದರೆ ತೌಡು ಉಳಿಸಿಕೊಂಡ ಕೆಂಪಕ್ಕಿಯಾದ್ದರಿಂದ ಅದನ್ನು ಮಲಬದ್ಧತೆಯ ದಿನಗಳಿಗೆ ಇಟ್ಟುಕೊಳ್ಳಿ (ವಾಂತಿ ನಿಲ್ಲಿಸುವ ಮಾತ್ರೆಗಳಿಂದ ಮಲಬದ್ಧತೆ ಸಾಮಾನ್ಯ). ಭೇದಿಯಾಗುತ್ತಿದ್ದರೆ ಬಿಳಿಯ ಅಕ್ಕಿಯೇ ಸರಿ.

ಅಕ್ಕಿಯನ್ನು ತೊಳೆದು, ತೆಳುವಾದ ಪಂಚೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ; ಬಿಸಿಲಿಗೆ ಹಾಕಿದರೆ ಕಾಳು ಸೀಳುತ್ತದೆ. ಹಿಡಿದು ಬಿಟ್ಟರೆ ಅಂಗೈಗೆ ಒಂದು ಕಾಳೂ ಅಂಟಬಾರದು. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ತುಪ್ಪ ಯಾವುದೂ ಇಲ್ಲದೆ, ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಮೊದಲು ಕಾಳು ಸುಣ್ಣದಂತೆ ಬೆಳ್ಳಗಾಗುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಚಿಟ್ ಎನ್ನುತ್ತದೆ, ಬಳಿಕ ಅರಳಿನ ವಾಸನೆ ಬರುತ್ತದೆ. ಅಲ್ಲಿಗೆ ಇಳಿಸಬೇಕು, ಕೆಂಪಾಗುವವರೆಗೆ ಫೋನು ನೋಡುತ್ತ ನಿಂತರೆ ಆ ಅಕ್ಕಿಯ ಗಂಜಿ ಕಹಿ. ಇಳಿಸಿದ ಮೇಲೂ ಬಾಣಲೆಯಲ್ಲೇ ಬಿಡದೆ ಅಗಲ ತಟ್ಟೆಗೆ ಸುರಿಯಿರಿ, ಇಲ್ಲದಿದ್ದರೆ ತಳದ ಬಿಸಿಗೆ ಅದು ಹುರಿಯುತ್ತಲೇ ಇರುತ್ತದೆ. ಅಕ್ಕಿಯ ಜೊತೆಗೆ ನಾಲ್ಕಕ್ಕೊಂದು ಪಾಲು ಹೆಸರುಬೇಳೆಯನ್ನು ಬೇರೆಯಾಗಿ ಹುರಿದು ಸೇರಿಸಿ. ಪೂರಾ ಆರಿದ ಮೇಲೆ, ಸಣ್ಣ ರವೆಗಿಂತ ತುಸು ದಪ್ಪವಾಗಿ ಬೀಸಿಕೊಳ್ಳಬೇಕು. ಮಿಕ್ಸಿಯಾದರೆ ತಡೆತಡೆದು ತಿರುಗಿಸಿ, ಒಂದೇ ಸಮನೆ ಓಡಿಸಿದರೆ ಹಿಟ್ಟಾಗುತ್ತದೆ. ಮಿಕ್ಸಿಯ ಮಾತು ಬಂದಿದ್ದರಿಂದ ಹೇಳುತ್ತೇನೆ: ಜಾರಿನ ಮುಚ್ಚಳದೊಳಗಿನ ರಬ್ಬರನ್ನು ಎಳೆದು ತೆಗೆದು ತೊಳೆಯುವ ಹುಡುಗಿಯರನ್ನು ನಾನು ಈಚೆಗೆ ಕಂಡೇ ಇಲ್ಲ. ಅದರಡಿಯಲ್ಲಿ ಹೋದ ತಿಂಗಳ ಬೆಳ್ಳುಳ್ಳಿ ಚಟ್ನಿ ಕೂತಿರುತ್ತದೆ, ತರಿಗೆ ಅದೇ ವಾಸನೆ ಹತ್ತುತ್ತದೆ, ಆಮೇಲೆ ರೋಗಿಗೆ ಗಂಜಿಯೂ ಸೇರುವುದಿಲ್ಲ ಎಂದು ದೂರುತ್ತಾರೆ.

ಬೇಯಿಸುವಾಗ ತರಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿ, ನಂತರ ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಬಿಡಿ. ನೀರಿನ ಅಳತೆ ನನ್ನನ್ನು ಕೇಳಬೇಡಿ. ಚಮಚದಿಂದ ಸುರಿದಾಗ ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು ಇರಬೇಕು, ಆರಿದ ಮೇಲೆ ಇನ್ನಷ್ಟು ಬಿಗಿಯುತ್ತದೆ ಎಂಬ ಅಂದಾಜಿರಲಿ. ಬೆರಳಲ್ಲಿ ಹಿಚುಕಿದರೆ ತರಿ ಸಿಗಬಾರದು. ಉಪ್ಪು ಕೊನೆಯಲ್ಲಿ, ಚಿಟಿಕೆ. ಅಗಲ ಬಾಯಿಯ ಪಾತ್ರೆಗೆ ಬಗ್ಗಿಸಿ, ಮೇಲೆ ಕಟ್ಟುವ ಕೆನೆಯನ್ನು ತೆಗೆದುಹಾಕಿ, ಉಗುರು ಬೆಚ್ಚಗಾದ ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು, ಕಾಫಿ ಲೋಟದಷ್ಟು ಸಣ್ಣ ಬಟ್ಟಲಿನಲ್ಲಿ ಅರ್ಧ ಮಾತ್ರ ತುಂಬಿ ಕೊಡಿ. ಎರಡು ಗಂಟೆಗೊಮ್ಮೆ ಅಷ್ಟೇ ಸಾಕು. ಕೊಟ್ಟು ಆಚೆ ಹೋಗಿ, ಪಕ್ಕದಲ್ಲಿ ಕುಳಿತು ಗುಟುಕು ಲೆಕ್ಕ ಹಾಕಬೇಡಿ. ಪಾತ್ರೆಯಲ್ಲಿ ಮಿಕ್ಕಿದ್ದನ್ನು ಆಗಲೇ ನೀವು ಕುಡಿದು ಮುಗಿಸಿ. ಬೆಂದ ಅಕ್ಕಿಯನ್ನು ಹೊರಗಿಟ್ಟರೆ ಅದರಲ್ಲಿ ಬೆಳೆಯುವ ಕ್ರಿಮಿಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ಆದ್ದರಿಂದ ಬೆಳಗಿನ ಗಂಜಿ ಸಂಜೆಗೆ ಬೇಡ. ರೋಗಿಯನ್ನು ನೋಡಿಕೊಳ್ಳುವವರೂ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಅವರು ಉಪವಾಸವಿದ್ದು ಬಿದ್ದರೆ ಎತ್ತುವವರು ಯಾರು?

ಕೀಮೋ ಕೊಟ್ಟ ಸುಮಾರು 7 ರಿಂದ 14 ದಿನಗಳ ನಡುವೆ ಸೋಂಕನ್ನು ತಡೆಯುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರ ಕೆಳಗಿಳಿಯುತ್ತವೆ. ಆ ದಿನಗಳಲ್ಲಿ ರಾತ್ರಿಯಿಡೀ ಹುಳಿ ಬರಿಸಿದ ಅಂಬಲಿ, ಹಸಿ ಕೋಸಂಬರಿ, ಅರ್ಧ ಬೆಂದ ಮೊಟ್ಟೆ, ಬೀದಿಯ ಕೊಯ್ದ ಹಣ್ಣು ಯಾವುದೂ ಬೇಡ. ರಾಗಿ ಬೇಕಾದರೆ ಆಗಲೇ ಕಾಯಿಸಿದ ಸರಿ ಕೊಡಿ. ಬಾಯಿ ಹುಣ್ಣಾದವರಿಗೆ ನಮ್ಮ ಮುದ್ದೆಯಂಥ ಊಟವಿಲ್ಲ, ಅಗಿಯುವ ಗೋಜಿಲ್ಲ. ಆದರೆ ಮೆದುವಾಗಿ ಕಟ್ಟಿ, ಗೋಲಿಯಷ್ಟು ಮುರಿದು, ಖಾರ ಹುಳಿ ಇಲ್ಲದ ಸಪ್ಪೆ ಸಾರಿನಲ್ಲಿ ಅದ್ದಿ ಕೊಡಬೇಕು. ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಕದಡಿ ದಿನಕ್ಕೆ ನಾಲ್ಕಾರು ಸಲ ಬಾಯಿ ಮುಕ್ಕಳಿಸಲಿ. ಐಸ್ ಕೊಡುವ ಮೊದಲು ಔಷಧದ ಹೆಸರು ಕೇಳಿಕೊಳ್ಳಿ: ಕೆಲವು ಔಷಧ ಹಾಕುವಾಗ ಬಾಯಲ್ಲಿ ಐಸ್ ಇಟ್ಟುಕೊಳ್ಳಲು ಆಸ್ಪತ್ರೆಯವರೇ ಹೇಳುತ್ತಾರೆ, ಆಕ್ಸಾಲಿಪ್ಲಾಟಿನ್ ಕೊಟ್ಟವರಿಗಾದರೋ ತಣ್ಣನೆಯ ನೀರು ಗಂಟಲಿಗೆ ತಾಗಿದರೂ ಉಸಿರು ಕಟ್ಟಿದಂತಾಗಬಹುದು.

ನೋಡಲು ಬಂದ ನೆಂಟರು ತರುವ ಲಕ್ಷ್ಮಣಫಲದ ಎಲೆ, ಅಮೃತಬಳ್ಳಿಯ ಕಷಾಯಗಳನ್ನು ಮರ್ಯಾದೆಯಿಂದ ತೆಗೆದುಕೊಂಡು ಪಕ್ಕಕ್ಕಿಡಿ. ಯಕೃತ್ತಿಗೆ ಆಗಲೇ ಔಷಧದ ಭಾರವಿರುತ್ತದೆ. ವೈದ್ಯರಿಗೆ ತಿಳಿಸದೆ ಒಂದು ಲೋಟವೂ ಕೊಡಕೂಡದು. ನೆಗಡಿಯಾದ ನೆಂಟರನ್ನಂತೂ ಜಗುಲಿಯಿಂದಲೇ ಕಳಿಸಿಬಿಡಿ, ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಔಷಧ ಕೊಟ್ಟ ಮೇಲಿನ 48 ಗಂಟೆ ರೋಗಿಯ ಮೂತ್ರ ವಾಂತಿಗಳಲ್ಲಿ ಔಷಧದ ಅಂಶವಿರುತ್ತದೆ, ಆದ್ದರಿಂದ ಕೈಗವಸು ಹಾಕಿಕೊಂಡು ಒರೆಸಿ ತೆಗೆಯಿರಿ, ಕೊಳೆಯಾದ ಹಾಸಿಗೆ ಬಟ್ಟೆಯನ್ನು ಮನೆಯವರ ಬಟ್ಟೆಯೊಡನೆ ಬೆರೆಸದೆ ಒಗೆಯಿರಿ. ಮನೆಯಲ್ಲಿ ಬಸುರಿಯಿದ್ದರೆ ಈ ಕೆಲಸ ಅವಳಿಗೆ ಹೇಳಲೇಬೇಡಿ.

ಜ್ವರಮಾಪಕವನ್ನು ದೇವರ ಮನೆಯ ಕಪಾಟಿನಲ್ಲಿ ಅಡಗಿಸಿಡದೆ ಹಾಸಿಗೆಯ ಪಕ್ಕದಲ್ಲೇ ಇಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲೆಂದು ಕಾಯಬಾರದು, ಮಾತ್ರೆಗೆ ಜ್ವರ ಅಡಗಿ ಸೋಂಕು ಒಳಗೇ ಏರುತ್ತದೆ. ಆಗಲೇ ಆಸ್ಪತ್ರೆಗೆ ಫೋನು ಮಾಡಬೇಕು. ಬೆಂಗಳೂರು ದೂರವಾದ್ದರಿಂದ ನಡುರಾತ್ರಿ ಹಾಸನದಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಮೊದಲ ಕೀಮೋ ದಿನವೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ಕಾರಿರುವ ಅಕ್ಕಪಕ್ಕದವರಿಗೆ ಮುಂಚಿತವಾಗಿ ಒಂದು ಮಾತು ಹೇಳಿಡಿ, ಚಿಕಿತ್ಸೆಯ ಕಾಗದಗಳ ಚೀಲವನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿಡಿ.