ಮಲೆನಾಡಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಸರ್ಕಾರದ ಹಣ: ಕೇಳುವುದು ಹೇಗೆ?

ಅಡಿಕೆ ಸುಲಿಯುವ ದಿನಗಳಲ್ಲಿ ಅಕ್ಕಪಕ್ಕದವರ ಮಕ್ಕಳನ್ನು ತಮ್ಮ ಜಗಲಿಯಲ್ಲೇ ಆಡಿಸುತ್ತ ಸಂಜೆ ಮಾಡುವ ಹೆಂಗಸರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಿಗುತ್ತಾರೆ. ಆದರೆ ಮನೆಯಲ್ಲಿ ಮಾಡುವ ಈ ಕೆಲಸಕ್ಕೆ ಸರ್ಕಾರದ ಹಣ ನೇರವಾಗಿ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಇಲ್ಲವೇ ಅಂಗನವಾಡಿಯ ದಾರಿಯನ್ನು ಹಿಡಿಯಬೇಕಾಗುತ್ತದೆ.

ಕೂಸಿನ ಮನೆ ರಾಜ್ಯದ 2023ರ ಜುಲೈ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಣೆಯಾದ ಯೋಜನೆ. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಇರುವ ಇಲ್ಲಿ ಆರೈಕೆದಾರರಿಗೆ ಸಿಗುವುದು ಉದ್ಯೋಗ ಖಾತ್ರಿಯ ಕೂಲಿಯೇ. 2025-26ರಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಒಂದು ಕುಟುಂಬಕ್ಕೆ ಸಿಗುವ ಕೆಲಸದ ದಿನಗಳಿಗೆ ಮಿತಿ ಇರುವುದರಿಂದ ಹಲವರು ಸರದಿಯ ಮೇಲೆ ದುಡಿಯುತ್ತಾರೆ, ಆದ್ದರಿಂದ ಇದನ್ನು ವರ್ಷವಿಡೀ ಕೈಗೆಟುಕುವ ಸಂಬಳವೆಂದು ಎಣಿಸಬಾರದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿರುವ ಕಾರಣ ಈಗಿನ ದರವನ್ನೂ ದಿನಗಳ ಮಿತಿಯನ್ನೂ ಪಂಚಾಯಿತಿಯಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇಲ್ಲದವರು ಮೊದಲು ಅದಕ್ಕೆ ಅರ್ಜಿ ಕೊಡಬೇಕು. ಆರೈಕೆದಾರರಾಗಲು ಇಚ್ಛೆ ಇದೆಯೆಂಬ ಮನವಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರಹದಲ್ಲೇ ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ಬಾಯಿಮಾತಿನ ಭರವಸೆ ಕಡತಕ್ಕೆ ಸೇರುವುದಿಲ್ಲ.

ಇನ್ನೊಂದು ದಾರಿ ಕೇಂದ್ರದ ಪಾಲನಾ ಯೋಜನೆಯಡಿ ಅಂಗನವಾಡಿಗೆ ಸೇರಿಸಿ ನಡೆಸುವ ಶಿಶುಪಾಲನಾ ಕೇಂದ್ರ. ಇದು 6 ತಿಂಗಳಿನಿಂದ 6 ವರ್ಷದವರೆಗಿನ ಮಕ್ಕಳಿಗೆ ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆರೆದಿರಬೇಕು. ಕಾರ್ಯಕರ್ತೆ ಮತ್ತು ಸಹಾಯಕಿಗೆ ಗೌರವಧನವಿದ್ದು, ಕರ್ನಾಟಕದಲ್ಲಿ ವೆಚ್ಚದ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು. ಇದಕ್ಕೆ ಅಂಗನವಾಡಿ ಮೇಲ್ವಿಚಾರಕಿಯ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಕೇಳಬೇಕು.

ಎರಡಕ್ಕೂ ನಮ್ಮಲ್ಲಿ ಅಡ್ಡಬರುವುದು ಮಕ್ಕಳ ಸಂಖ್ಯೆ. ಗುಡ್ಡಕ್ಕೊಂದು ಮನೆ ಇರುವ ಊರಿನಲ್ಲಿ ಒಂದೇ ಕೇರಿಯ ಲೆಕ್ಕ ಸಾಲದೆ ಹೋಗಬಹುದಾದ್ದರಿಂದ ಎರಡು ಮೂರು ಕೇರಿಗಳನ್ನು ಸೇರಿಸಿ, ಪ್ರತಿ ಮಗುವಿನ ವಯಸ್ಸು, ತಾಯಿ ಕೆಲಸಕ್ಕೆ ಹೋಗಿಬರುವ ಹೊತ್ತು, ಮನೆಯಿಂದ ಕೇಂದ್ರಕ್ಕಿರುವ ದೂರ, ಮಳೆಗಾಲದಲ್ಲಿ ದಾಟಬೇಕಾದ ಹಳ್ಳ ಅಥವಾ ಕಾಲುಸಂಕ ಇವಿಷ್ಟನ್ನೂ ಪಟ್ಟಿಯಲ್ಲಿ ಬರೆಯಬೇಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಿದರೆ ಬೇಡಿಕೆ ಊರಿನದ್ದಾಗುತ್ತದೆ. ಒಬ್ಬಿಬ್ಬರ ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು.

ಕೆಲಸ ಸಿಕ್ಕ ಮೇಲೆ ಹಾಜರಿಯ ಒಂದು ಪ್ರತಿಯನ್ನು ತಮ್ಮಲ್ಲೂ ಇಟ್ಟುಕೊಳ್ಳಬೇಕು. ಉದ್ಯೋಗ ಖಾತ್ರಿಯ ಕೂಲಿ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುವುದರಿಂದ, ಹಣ ಬಂದಿಲ್ಲವೆಂದು ಪಂಚಾಯಿತಿಗೆ ದೂರು ಕೊಡುವ ಮೊದಲು, ಎಂದೋ ತೆರೆದು ಮರೆತ ಹಳೆಯ ಪಾಸ್‌ಬುಕ್ಕನ್ನೂ ನೋಡಬೇಕು.