ಮೂರು ಗಂಟೆಯ ದಾರಿಗೆ ಇಡೀ ದಿನ

ಕೆನಡಾದ ಕ್ಯಾಲ್ಗರಿಯ ನಮ್ಮ ಮನೆಗೆ ಊರಿಂದ ಯಾರೇ ಬರಲಿ, ರಾಕಿ ಬೆಟ್ಟಗಳ ನಡುವಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಎಂಬ ಹೆದ್ದಾರಿ ತೋರಿಸದೆ ಕಳಿಸುವುದಿಲ್ಲ. ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗೆ ಸುಮಾರು 230 ಕಿಲೋಮೀಟರ್. ಮ್ಯಾಪ್ ಕೇಳಿದರೆ ಮೂರು ಗಂಟೆ ಚಿಲ್ಲರೆ ಎನ್ನುತ್ತದೆ. ಅದನ್ನು ನಂಬಿ, ರಾತ್ರಿ ಊಟಕ್ಕೆ ಮನೆಗೆ ಬರ್ತೀವಿ ಅಂತ ಹೊರಡುವವರು ಬಹಳ ಜನ. ಅವರು ಕಾರಿನ ಗಾಜಿನಿಂದಲೇ ಬೆಟ್ಟ ನೋಡಿ ಬರುತ್ತಾರೆ, ಅಷ್ಟೇ. ನಾವು ಹೋಗಲಿಕ್ಕೇ ಒಂದು ಇಡೀ ದಿನ ಇಟ್ಟುಕೊಳ್ಳುತ್ತೇವೆ. ಜಾಸ್ಪರ್‌ನಲ್ಲಿ ಮಲಗಿ ಮರುದಿನ ಅದೇ ದಾರಿಯಲ್ಲಿ ವಾಪಸ್.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದು ಜುಲೈ ತಿಂಗಳಲ್ಲಿ. ಜೂನ್ ಮೊದಲಲ್ಲಿ ಹೋದರೆ ಎತ್ತರದ ಕೆರೆಗಳಲ್ಲಿ ಇನ್ನೂ ಮಂಜುಗಡ್ಡೆ ಇರುತ್ತದೆ. ಜುಲೈಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಅವಸರ ಪಡಬೇಕಾಗಿಲ್ಲ. ನ್ಯಾಷನಲ್ ಪಾರ್ಕಿನ ಪಾಸ್ ಬೇಕು, ಲೇಕ್ ಲೂಯಿಸ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿಕೊಳ್ಳಬೇಕು. ಮಧ್ಯದಲ್ಲಿ ಸಸ್ಕ್ಯಾಚುವಾನ್ ಕ್ರಾಸಿಂಗ್‌ನಲ್ಲಿ ಬಿಟ್ಟರೆ ಎಲ್ಲೂ ಪೆಟ್ರೋಲ್ ಸಿಗುವುದಿಲ್ಲ. ಅಲ್ಲಿ ರೇಟೂ ಜಾಸ್ತಿ, ಚಳಿಗಾಲದಲ್ಲಿ ಬಾಗಿಲೂ ಹಾಕಿರುತ್ತದೆ. ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇಲ್ಲ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಬೆಳಗ್ಗೆ ಬೇಗ ಹೊರಡುವುದಕ್ಕೆ ಒಂದು ಕಾರಣ ಇದೆ. ದೊಡ್ಡ ಹಿಮನದಿಗಳೆಲ್ಲ ಹೆಚ್ಚುಕಮ್ಮಿ ರಸ್ತೆಯ ಪಶ್ಚಿಮಕ್ಕಿವೆ. ಪೂರ್ವದ ಬಿಸಿಲು ನೇರವಾಗಿ ಅವುಗಳ ಮುಖಕ್ಕೇ ಬೀಳುತ್ತದೆ. ಬೋ ಲೇಕ್ ಹತ್ತಿರ ಕ್ರೋಫುಟ್ ಹಿಮನದಿ ಬಂಡೆಗೆ ಕಚ್ಚಿಕೊಂಡು ನೇತಾಡುತ್ತಿರುತ್ತದೆ. ಕಾಗೆಯ ಪಾದದ ಹಾಗೆ ಮೂರು ಬೆರಳಿತ್ತಂತೆ, ಕೆಳಗಿನದು ಹೋಗಿ ಎಷ್ಟೋ ಕಾಲವಾಯಿತು. ಅಪ್ಪ ಎರಡು ಬೆರಳು ಎಣಿಸಿ, ಮೂರನೆಯದು ಎಲ್ಲಿ ಅಂತ ಹುಡುಕುತ್ತಲೇ ಇದ್ದರು.

ಪೇಟೋ ಲೇಕ್‌ಗೆ ಮಾತ್ರ ಬಿಸಿಲು ಸ್ವಲ್ಪ ಮೇಲೇರಿದ ಮೇಲೆ ಹೋಗಬೇಕು. ಪಾರ್ಕಿಂಗ್‌ನಿಂದ ಟಾರು ಹಾಕಿದ ಏರುದಾರಿ, ಮಂಡಿನೋವಿನವರೂ ನಿಂತು ನಿಂತು ಹತ್ತಬಹುದು. ಮೇಲಿನ ಕಟ್ಟೆಯಿಂದ ಕೆಳಗೆ ನೋಡಿದ ಅಮ್ಮ, "ಬಣ್ಣಗಿಣ್ಣ ಹಾಕಿದ್ದಾರೇನೋ?" ಅಂದರು. ಬಣ್ಣ ಹಾಕುವುದು ಹಿಮನದಿಯೇ. ಅದು ಜಾರುವಾಗ ಅಡಿಯ ಬಂಡೆಯನ್ನು ಅರೆದು ನುಣ್ಣನೆ ಹಿಟ್ಟು ಮಾಡುತ್ತದೆ. ಆ ಹಿಟ್ಟು ತಳಕ್ಕೆ ಇಳಿಯದೆ ನೀರಲ್ಲಿ ತೇಲುತ್ತಿರುತ್ತದೆ. ಬೆಳಕು ಬಿದ್ದಾಗ ನೀಲಿ, ಹಸಿರು ಮಾತ್ರ ಚದುರಿ ನಮ್ಮ ಕಣ್ಣಿಗೆ ಬರುತ್ತವೆ. ಕರಗುವಿಕೆ ಜೋರಾದ ಮೇಲೆ, ಜುಲೈ ಆಗಸ್ಟ್‌ನಲ್ಲಿ, ಬಣ್ಣ ಗಾಢ.

ಊಟ ನಮ್ಮದೇ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಪಿಕ್ನಿಕ್ ಮೇಜಿನ ಮೇಲೆ ಡಬ್ಬಿ ಬಿಚ್ಚಿದರೆ, ಎದ್ದಾಗ ಒಂದು ಅಗುಳೂ ಬಿಟ್ಟಿರಬಾರದು. ಕರಡಿಯ ಸೀಮೆ ಅದು. ಕೆಳಗೆ ಬಿದ್ದ ಕಡಲೆಬೀಜವನ್ನೂ ಅಮ್ಮ ಒಂದೊಂದಾಗಿ ಹೆಕ್ಕಿ ಟಿಶ್ಯೂನಲ್ಲಿ ಕಟ್ಟಿದರು. ಕಸದ ಡಬ್ಬಿಯ ಚಿಲಕ ಬೇರೆ ಕರಡಿ ಪಂಜಕ್ಕೆ ಎಟುಕದ ಹಾಗೆ ಒಳಗಡೆ ಇರುತ್ತದೆ. ಕೈ ತೂರಿಸಿ ಒತ್ತಬೇಕು, ಅಪ್ಪನಿಗೆ ಅದರ ಗುಟ್ಟು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ದಾರಿಯಲ್ಲಿ ಕಾರುಗಳು ಸುಮ್ನೆ ಸಾಲಾಗಿ ನಿಂತಿದ್ದರೆ ಕರಡಿ ಕಂಡಿದೆ ಎಂದೇ ಅರ್ಥ. ಇಳಿಯಬೇಡಿ. ಫೋಟೋ ಬೇಕಿದ್ದರೆ ಒಳಗಿಂದಲೇ ತೆಗೆದುಕೊಂಡು ಮುಂದೆ ಹೋಗಿ.

ದೊಡ್ಡ ತಿರುವು ಹತ್ತಿ ಸನ್‌ವಾಪ್ಟಾ ಪಾಸ್ ಎಂಬ ಘಟ್ಟ ದಾಟಿದರೆ ಅಥಬಾಸ್ಕಾ ಹಿಮನದಿ ರಸ್ತೆಗೇ ಕಾಣುತ್ತದೆ. ಸುಮಾರು ಆರು ಕಿಲೋಮೀಟರ್ ಉದ್ದದ ಐಸ್. ಆಳೆತ್ತರದ ಟೈರಿನ ಬಸ್ಸುಗಳು ಟಿಕೆಟ್ ತೆಗೆದುಕೊಂಡು ಅದರ ಮೇಲೆಯೇ ಕರೆದೊಯ್ಯುತ್ತವೆ. ಒಮ್ಮೆ ಹೋಗಬಹುದು, ಬೇಡ ಅನ್ನುವುದಿಲ್ಲ. ನನಗೆ ಹಿಡಿಸುವುದು ಮಾತ್ರ ಕೆಳಗಿನ ಕಾಲುದಾರಿ. ದಾರಿಯುದ್ದಕ್ಕೂ ಇಸವಿ ಬರೆದ ಗುರುತುಗಳಿವೆ, ಆ ವರ್ಷ ಹಿಮನದಿಯ ಮೂತಿ ಅಲ್ಲಿಯವರೆಗೆ ಇತ್ತು ಎಂದು. ಸುಮಾರು 125 ವರ್ಷಗಳಲ್ಲಿ ಒಂದೂವರೆ ಕಿಲೋಮೀಟರ್ ಹಿಂದೆ ಸರಿದಿದೆ. ಅಪ್ಪ ತಾವು ಹುಟ್ಟಿದ ಕಾಲದ ಗುರುತಿನ ಹತ್ತಿರ ನಿಂತು ಮುಂದೆ ನೋಡಿದರು. ಐಸ್ ಇರುವ ಕಡೆಗೆ ಇನ್ನೂ ಬಹಳ ನಡೆಯಬೇಕಿತ್ತು. ಕೊನೆಯ ಹಗ್ಗ ದಾಟಬಾರದು. ಮೇಲೆ ಹಿಮ ಮುಚ್ಚಿದ ಆಳದ ಬಿರುಕುಗಳಿವೆ, ಬಿದ್ದು ಸತ್ತವರಿದ್ದಾರೆ. ಐಸಿನ ಮೇಲಿಂದ ಗಾಳಿ ಇಳಿದು ಬರುತ್ತದೆ. ಜುಲೈ ಆದರೂ ಜರ್ಕಿನ್, ಕಿವಿಗೆ ಟೋಪಿ ಬೇಕೇ ಬೇಕು.

ಈ ಐಸೆಲ್ಲ ಇಳಿದು ಬರುವ ಕೊಲಂಬಿಯಾ ಐಸ್‌ಫೀಲ್ಡ್‌ನಲ್ಲಿ ಸ್ನೋ ಡೋಮ್ ಎಂಬ ಶಿಖರ ಇದೆ. ಅದರ ಮೇಲೆ ಬಿದ್ದ ಹಿಮ ಕರಗಿದರೆ ಒಂದು ಪಾಲು ಪೆಸಿಫಿಕ್‌ಗೆ, ಒಂದು ಆರ್ಕ್‌ಟಿಕ್‌ಗೆ, ಇನ್ನೊಂದು ಹಡ್ಸನ್ ಬೇ ಕಡೆಗೆ ಹರಿಯುತ್ತದೆ.

ಆಮೇಲೆ ಸನ್‌ವಾಪ್ಟಾ, ಅಥಬಾಸ್ಕಾ ಎರಡು ಜಲಪಾತ. ಸುಸ್ತಾಗಿದ್ದರೆ ಎರಡನೆಯದು ಸಾಕು. ಎತ್ತರ 23 ಮೀಟರ್ ಅಷ್ಟೇ, ಜೋಗ ನೋಡಿದವರು ಮೊದಲು ಮೂಗು ಮುರಿಯುತ್ತಾರೆ. ಆದರೆ ಇಕ್ಕಟ್ಟಾದ ಬಂಡೆಯ ಸಂದಿಗೆ ಇಡೀ ನದಿ ನುಗ್ಗುವ ರಭಸಕ್ಕೆ ಪಕ್ಕದವರ ಮಾತೂ ಕೇಳುವುದಿಲ್ಲ. ಅಲ್ಲಿಂದ ಮುಂದೆ ಸುಟ್ಟ ಕಾಡು. 2024ರ ಜುಲೈಯ ಕಾಳ್ಗಿಚ್ಚು ದಕ್ಷಿಣದಿಂದ ಬಂದು ಜಾಸ್ಪರ್ ಪಟ್ಟಣದ ಸುಮಾರು ಮೂರನೇ ಒಂದು ಭಾಗ ಕಟ್ಟಡಗಳನ್ನು ಸುಟ್ಟುಹಾಕಿತು. ಹಾಗಾಗಿ ಅಲ್ಲಿ ರೂಮುಗಳಿಗೆ ಪೈಪೋಟಿ. ಬೇಸಿಗೆಗೆ ಹೋಗುವವರು ತಿಂಗಳುಗಳ ಮೊದಲೇ ಬುಕ್ ಮಾಡಿ.

ಮರುದಿನ ಅದೇ ದಾರಿ ಬೋರ್ ಆಗಲ್ವಾ ಅಂತ ಕೇಳುತ್ತಾರೆ. ಇಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಉತ್ತರಕ್ಕೆ ಹೋಗುವಾಗ ಹಿಮನದಿಗಳೆಲ್ಲ ಅವರ ಕಡೆಗೇ, ಪಾಪ, ಅವರು ರಸ್ತೆ ನೋಡಬೇಕು. ದಕ್ಷಿಣಕ್ಕೆ ಬರುವಾಗ ಅವು ಬಲಕ್ಕೆ ಬರುತ್ತವೆ. ನಾನು ಅಮ್ಮನನ್ನು ಮುಂದಿನ ಸೀಟಿಗೆ ಕೂರಿಸಿದೆ. ನಿಲ್ಲಿಸಬೇಕು ಅನ್ನಿಸಿದಲ್ಲಿ ಎದುರಿನ ವಾಹನಗಳಿಗೆ ಕಾಯುವ ಕೆಲಸವೂ ಇರಲಿಲ್ಲ, ಬಲಕ್ಕೆ ಸರಿದರೆ ಆಯಿತು.